ನೇಪಿಯರ್ ಮೇಲೆ ಹಸಿರು, ಕೆಳಗೆ ಸಡಿಲ: ಬೇರಿಗೆ ಏನಾಗಿದೆ?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಬೀದರ್ ಜಿಲ್ಲೆಯ ಹುಮನಾಬಾದ್ ತಾಲ್ಲೂಕು. ನಾಲ್ಕು ಎಮ್ಮೆ, ಎರಡು ದೇವಣಿ ಆಕಳು ಇವೆ. ಮೂರು ವರ್ಷದ ಹಿಂದೆ ಒಂದು ಎಕರೆಗೆ ಕೋ-4 ನೇಪಿಯರ್ ಮೇವಿನ ಹುಲ್ಲು ಹಚ್ಚಿದೆವು. ಅರ್ಧ ಕಪ್ಪು ಎರೆ ಮಣ್ಣು, ಅರ್ಧ ಕೆಂಪು ಮಸಾರಿ. ತಿಂಗಳಿಗೊಮ್ಮೆ ನೆಲಕ್ಕೆ ಹತ್ತಿಸಿ ಕೊಯ್ಯುತ್ತೇವೆ. ಕೊಯ್ದ ದಿನವೇ ಎರಡು ಚೀಲ ಯೂರಿಯಾ ಎರಚಿ ನೀರು ಬಿಡುತ್ತೇವೆ. ಬೇರೆ ಸರ್ಕಾರಿ (ರಾಸಾಯನಿಕ) ಗೊಬ್ಬರ ಯಾವುದೂ ಇಲ್ಲ. ತಿಪ್ಪೆ ಗೊಬ್ಬರವೆಲ್ಲ ಕಬ್ಬಿಗೆ ಹೋಗುತ್ತದೆ. ನಾಲ್ಕು ದಿನಕ್ಕೊಮ್ಮೆ ಬೋರ್‌ವೆಲ್ ನೀರು. ವರ್ಷಕ್ಕೆ ಸುಮಾರು 50 ಟನ್ ಹಸಿ ಮೇವು ಬರುತ್ತದೆ. ಮಸಾರಿ ಕಡೆ ಎಲೆ ಕಪ್ಪು ಹಸಿರಾಗಿದೆ, ಆದರೆ ಕೊಯ್ಯುವಾಗ ಬುಡಗಳೇ ಕಿತ್ತು ಕೈಗೆ ಬರುತ್ತಿವೆ. ಬೇರು ಗೇಣುದ್ದವೂ ಇಲ್ಲ. ಎರೆ ಕಡೆ ಬುಡ ಗಟ್ಟಿ ಇದೆ, ಆದರೆ ಹೊಸ ಎಲೆ ಬಿಳಿಚಿಕೊಂಡಿದೆ. ಈ ಬೇಸಿಗೆಯಲ್ಲಿ ನೀರು ಒಂದು ದಿನ ತಡವಾದರೂ ಎರಡೂ ಕಡೆ ಬಾಡುತ್ತದೆ. ಪಕ್ಕದ ಹೊಲದ ಕಾಕಾ ‘ಯೂರಿಯಾ ಬೇರು ಸುಟ್ಟಿದೆ’ ಅನ್ನುತ್ತಾರೆ. ಅಂಗಡಿಯವರು ಬೇರು ಬಿಡುವ ಟಾನಿಕ್ ತಗೊಳ್ಳಿ ಅಂತಾರೆ. ಮಗ ಮೊಬೈಲಿನಲ್ಲಿ ನೋಡಿ, ‘ಗೊಬ್ಬರ ಪೂರ್ತಿ ನಿಲ್ಲಿಸು, ಹಸಿದ ಹುಲ್ಲು ಬೇರು ಆಳಕ್ಕೆ ಬಿಡುತ್ತದೆ, ಮೇಲೆ ಸುಣ್ಣ ಹಾಕು’ ಅನ್ನುತ್ತಾನೆ. ಯಾರ ಮಾತು ಕೇಳಲಿ? ಎಲ್ಲಾ ಕಿತ್ತು ಹೊಸದಾಗಿ ಹಚ್ಚಬೇಕಾ?

ಉತ್ತರ: ಮೊದಲು ಒಂದು ಮಾತು ಅಕ್ಕಾ, ನೀವು ಬೇರು ನೋಡಿದ್ದೀರಿ. ನನಗೆ ಎಲೆಯ ಫೋಟೊ ಕಳಿಸುವವರು ಬಹಳ. ಬುಡ ಕಿತ್ತು ಬೇರು ಎಷ್ಟುದ್ದ ಇದೆ ಅಂತ ಅಳೆದವರು ಅಪರೂಪ. ಅದರಿಂದಲೇ ಉತ್ತರ ಹೇಳುವುದು ಸುಲಭವಾಯಿತು.

ನೇಪಿಯರ್ ಆಫ್ರಿಕಾ ಮೂಲದ ಹುಲ್ಲು. ನೆಲ ಸಡಿಲ ಇದ್ದರೆ ಅದರ ಬೇರು ಆಳುದ್ದಕ್ಕೂ ಮೀರಿ ಇಳಿಯುತ್ತದೆ. ಹೆಚ್ಚಿನ ಬೇರು ಮೇಲಿನ ಒಂದು ಅಡಿಯಲ್ಲೇ ಇರುವುದು ಸಹಜ. ಆದರೆ ಮೂರು ವರ್ಷದ ಬುಡಕ್ಕೆ ಗೇಣುದ್ದ ಬೇರೂ ಇಲ್ಲ ಅಂದರೆ ಏನೋ ಕೆಟ್ಟಿದೆ. ಎಲ್ಲಾ ಕೀಳುವ ಅಗತ್ಯವಿಲ್ಲ, ಅದನ್ನು ಈಗಲೇ ಹೇಳಿಬಿಡುತ್ತೇನೆ. ಮೂವರು ಕೊಟ್ಟ ಸಲಹೆಯಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ. ಗೊಂದಲ ಆಗಿರುವುದೂ ಅದಕ್ಕೇ.

ಮಗನ ಮಾತಿನಿಂದ ಶುರು ಮಾಡೋಣ, ಅದರಲ್ಲೇ ವಿಷಯ ಜಾಸ್ತಿ ಇದೆ. ಬೇರು ಮಣ್ಣಿನಿಂದ ಸಾರಜನಕ, ರಂಜಕ, ಪೊಟ್ಯಾಷ್ ಎಳೆದುಕೊಳ್ಳುತ್ತದೆ, ನಿಜ. ಆದರೆ ಬೇರು ಉದ್ದ ಬೆಳೆಯಲು ಬೇಕಾದ ಸಕ್ಕರೆ ತಯಾರಾಗುವುದು ಎಲೆಯಲ್ಲಿ. ಅದು ಮೇಲಿನಿಂದ ಕೆಳಗೆ ಇಳಿದು ಬರಬೇಕು. ಮಣ್ಣಿನಲ್ಲಿ ಸಾರಜನಕ ಕಮ್ಮಿ ಇದ್ದಾಗ ಮೊದಲು ಕುಂಟುವುದು ಎಲೆಯ ಬೆಳವಣಿಗೆ. ಎಲೆಗೆ ಖರ್ಚಾಗದೆ ಉಳಿದ ಸಕ್ಕರೆ ಬೇರಿಗೆ ಇಳಿಯುತ್ತದೆ. ಹಾಗಾಗಿ ಹಸಿದ ಹುಲ್ಲಿನಲ್ಲಿ ಬೇರಿನ ಪಾಲು ಜಾಸ್ತಿ. ಸಾರಜನಕ ಸುರಿದಾಗ ಇದು ತಿರುಗುಮುರುಗಾಗುತ್ತದೆ. ಹೊಸ ಎಲೆ, ಹೊಸ ಕಾಂಡ ಕಟ್ಟುವುದಕ್ಕೇ ಸಕ್ಕರೆಯೆಲ್ಲ ಮೇಲೆ ಖರ್ಚಾಗಿ, ಕೆಳಗೆ ಬರುವುದು ಉಳಿದಷ್ಟು ಮಾತ್ರ.

ಇಲ್ಲಿಯವರೆಗೆ ಮಗ ಹೇಳಿದ್ದು ಸರಿ. ಅವನು ಬಿಟ್ಟಿದ್ದು ಒಂದು. ಪಾಲು ಬೇರೆ, ಮೊತ್ತ ಬೇರೆ. ಹಸಿದ ಹುಲ್ಲಿನಲ್ಲಿ ಬೇರಿನ ಪಾಲು ದೊಡ್ಡದು, ಆದರೆ ಗಿಡವೇ ಚಿಕ್ಕದು. ಗಿನಿ ಹುಲ್ಲು, ಬ್ರಾಕಿಯೇರಿಯಾ ಮುಂತಾದ ಉಷ್ಣವಲಯದ ಹುಲ್ಲುಗಳಲ್ಲಿ ಸಾಮಾನ್ಯವಾಗಿ ಕಾಣುವುದು ಹೀಗೆ: ಏನೂ ಹಾಕದ ಕಡೆಗಿಂತ ಹದವಾಗಿ ಸಾರಜನಕ ಹಾಕಿದ ಕಡೆ ಬೇರಿನ ತೂಕವೂ ಜಾಸ್ತಿ. ಒಂದು ಮಟ್ಟ ದಾಟಿದ ಮೇಲೆ ಎಲೆ ಏರುತ್ತಲೇ ಹೋಗುತ್ತದೆ, ಬೇರು ನಿಲ್ಲುತ್ತದೆ ಅಥವಾ ಇಳಿಯುತ್ತದೆ. ಗೊಬ್ಬರ ಪೂರ್ತಿ ನಿಲ್ಲಿಸಿ ಆರು ಜಾನುವಾರು ಸಾಕಲು ಆಗುವುದಿಲ್ಲ. ಸುಮ್ನೆ ಹುಲ್ಲೂ ಹೋಗುತ್ತದೆ, ಹಾಲೂ ಹೋಗುತ್ತದೆ.

ನೀವು ಆ ಮಟ್ಟ ಎಷ್ಟು ದಾಟಿದ್ದೀರಿ ಅಂತ ಲೆಕ್ಕ ಹಾಕೋಣ. 50 ಟನ್ ಹಸಿ ಮೇವು ಅಂದರೆ ಹೆಚ್ಚುಕಮ್ಮಿ 10 ಟನ್ ಒಣ ತೂಕ. ನೇಪಿಯರ್ ಒಣ ತೂಕದಲ್ಲಿ ಸಾರಜನಕ ಅಂದಾಜು 1.5 ಶೇಕಡಾ ಅಂತ ಹಿಡಿದರೆ, ಹೊಲದಿಂದ ವರ್ಷಕ್ಕೆ ಹೊರಗೆ ಹೋಗುವುದು 150 ಕೆಜಿ. ನೀವು ಹಾಕುತ್ತಿರುವುದು ಕೊಯ್ಲಿಗೆ ಎರಡು ಚೀಲ, ವರ್ಷಕ್ಕೆ ಹನ್ನೊಂದು ಕೊಯ್ಲು. 45 ಕೆಜಿ ಚೀಲ, ಅದರಲ್ಲಿ ಸಾರಜನಕ ಶೇಕಡಾ 46. ಒಟ್ಟು 450 ಕೆಜಿ ದಾಟುತ್ತದೆ. ಮೂರು ಪಟ್ಟು! ಉಳಿದದ್ದರಲ್ಲಿ ಒಂದಷ್ಟು ಗಾಳಿಗೆ, ಒಂದಷ್ಟು ಅಂತರ್ಜಲಕ್ಕೆ, ಒಂದಷ್ಟು ಮೇವಿನಲ್ಲೇ ನೈಟ್ರೇಟ್ (ಸಾರಜನಕದ ಒಂದು ರೂಪ) ಆಗಿ ನಿಮ್ಮ ಎಮ್ಮೆಯ ಹೊಟ್ಟೆಗೆ.

ಅದೇ 50 ಟನ್ ಮೇವು ರಂಜಕವನ್ನೂ ಹೊತ್ತೊಯ್ಯುತ್ತದೆ. ಚೀಲದ ಲೆಕ್ಕದಲ್ಲಿ ಹೇಳಿದರೆ ಆರೇಳು ಚೀಲ ಸಿಂಗಲ್ ಸೂಪರ್ ಫಾಸ್ಫೇಟ್‌ನಷ್ಟು. ಪೊಟ್ಯಾಷ್ ಅದಕ್ಕಿಂತಲೂ ಬಹಳ, ಸಾರಜನಕಕ್ಕಿಂತಲೂ ಹೆಚ್ಚು. ಇವೆರಡೂ ವಾಪಸ್ ಬಂದದ್ದು ಸೊನ್ನೆ. ಹಾಗಾಗಿ ನಾನು ‘ಯೂರಿಯಾ ಜಾಸ್ತಿ ಆಯಿತು’ ಅನ್ನುವುದಕ್ಕಿಂತ ‘ಯೂರಿಯಾ ಒಂದೇ ಆಯಿತು’ ಅನ್ನುತ್ತೇನೆ.

ಯಾವ ಪೋಷಕಾಂಶ ಕಮ್ಮಿಯಾದರೆ ಬೇರು ಏನು ಮಾಡುತ್ತದೆ ಅನ್ನುವುದು ಎಲ್ಲಕ್ಕೂ ಒಂದೇ ಅಲ್ಲ. ಸಾರಜನಕ ಅಥವಾ ರಂಜಕ ಕಮ್ಮಿಯಾದರೆ ಸಕ್ಕರೆ ಬೇರಿನ ಕಡೆ ತಿರುಗುತ್ತದೆ. ಪೊಟ್ಯಾಷ್ ಅಥವಾ ಮೆಗ್ನೀಷಿಯಂ ಕಮ್ಮಿಯಾದರೆ ಉಲ್ಟಾ. ಎಲೆಯಲ್ಲಿ ತಯಾರಾದ ಸಕ್ಕರೆ ನಾಳಕ್ಕೆ ಇಳಿಯಬೇಕಾದರೆ ಇವೆರಡೂ ಬೇಕು. ಇಲ್ಲದಿದ್ದರೆ ಸಕ್ಕರೆ ಎಲೆಯಲ್ಲೇ ಕೂರುತ್ತದೆ, ಬೇರು ಉಪವಾಸ ಬೀಳುತ್ತದೆ. ‘ಹಸಿವಿಗೆ ಬೇರು ಆಳಕ್ಕೆ ಹೋಗುತ್ತದೆ’ ಅನ್ನುವ ಮಾತು ಪೊಟ್ಯಾಷ್ ವಿಷಯದಲ್ಲಿ ನಡೆಯುವುದಿಲ್ಲ.

ನಿಮ್ಮ ಹೊಲದ ಎರಡು ಅರ್ಧ ಎರಡು ಥರ ಇರುವುದು ಇಲ್ಲೇ ಅರ್ಥವಾಗುತ್ತದೆ. ಎರೆ ಮಣ್ಣಿನಲ್ಲಿ ಸಾಮಾನ್ಯವಾಗಿ ಪೊಟ್ಯಾಷ್ ಸಂಗ್ರಹ ಚೆನ್ನಾಗಿರುತ್ತದೆ, ಮೂರು ವರ್ಷ ಕೊಯ್ದರೂ ತಡೆದುಕೊಂಡಿದೆ. ನಿಮ್ಮ ಮಸಾರಿಗೆ, ಅಂದರೆ ಬೀದರ್ ಕಡೆಯ ಕೆಂಪು ಜಂಬಿಟ್ಟಿಗೆ ನೆಲಕ್ಕೆ, ಆ ದಾಸ್ತಾನು ಇಲ್ಲ. ಅದು ನೀರು ಸರಸರ ಇಳಿಯುವ ನೆಲ. ಬೀದರ್‌ನ ಹಳೆಯ ಸುರಂಗ ಬಾವಿಗಳನ್ನು ಕೊರೆದಿರುವುದೂ ಇದೇ ಜಂಬಿಟ್ಟಿಗೆ ಕಲ್ಲಿನಲ್ಲಿ. ನಾಲ್ಕು ದಿನಕ್ಕೊಮ್ಮೆ ನೀರು ಬಿಟ್ಟಾಗ ನೈಟ್ರೇಟ್ ಆ ನೀರಿನ ಜೊತೆ ಕೆಳಗೆ ಹೋಗುತ್ತದೆ. ಬುಡ ಮೊದಲು ಅಲ್ಲೇ ಸಡಿಲವಾಗಿದ್ದು ನನಗೆ ಆಶ್ಚರ್ಯ ತರಲಿಲ್ಲ.

ಎರೆ ಕಡೆಯ ಬಿಳಿಚಿದ ಹೊಸ ಎಲೆ ಬೇರೆ ಕಥೆ. ಒಂದು ಎಲೆ ಕಿತ್ತು ಬಿಸಿಲಿಗೆ ಹಿಡಿದು ನೋಡಿ. ನರ ಹಸಿರಾಗಿದ್ದು ನಡುವಿನ ಜಾಗ ಮಾತ್ರ ಹಳದಿ ಆಗಿದ್ದರೆ ಅದು ಕಬ್ಬಿಣದ ಕೊರತೆ. ನಮ್ಮ ಎರೆಯಲ್ಲಿ ಸುಣ್ಣದ ಹರಳು ಸೇರಿಕೊಂಡಿರುತ್ತದೆ, ಕ್ಷಾರ ಜಾಸ್ತಿ. ಕಬ್ಬಿಣ ಮಣ್ಣಿನಲ್ಲಿದ್ದರೂ ಬೇರಿಗೆ ಸಿಗುವುದಿಲ್ಲ. ಸತುವಿನ ಪಾಡೂ ಅದೇ. ಯೂರಿಯಾ ಕಮ್ಮಿಯಾದಾಗ ಹಳದಿಯಾಗುವುದು ಹಳೇ ಎಲೆ, ಹೊಸ ಎಲೆ ಅಲ್ಲ. ಇದು ಗೊತ್ತಿಲ್ಲದೆ ಹಳದಿ ಕಂಡ ಕೂಡಲೇ ಇನ್ನೊಂದು ಚೀಲ ಯೂರಿಯಾ ಎರಚುವವರು ನಮ್ಮಲ್ಲಿ ಕಮ್ಮಿ ಇಲ್ಲ.

ಸುಣ್ಣ ಹಾಕು ಅಂದದ್ದೂ ಇದಕ್ಕೇ ಸೇರಿದ್ದು. ಮೇವಿನ ಹುಲ್ಲಿನ ಬೇರಿನ ಬಗ್ಗೆ ಬ್ರೆಜಿಲ್, ಕೊಲಂಬಿಯಾ ದೇಶಗಳಲ್ಲಿ ಬಹಳ ಕೆಲಸ ಆಗಿದೆ. ಅಲ್ಲಿಯ ಹುಲ್ಲುಗಾವಲಿನ ಮಣ್ಣು ಬಹುಪಾಲು ಹುಳಿ. ಹುಳಿ ಮಣ್ಣಿನಲ್ಲಿ ಅಲ್ಯೂಮಿನಿಯಂ ಕರಗಿ ಬೇರಿನ ತುದಿಯನ್ನೇ ಕೆಡಿಸುತ್ತದೆ, ಅದಕ್ಕೆ ಅವರು ಸುಣ್ಣ ಹಾಕುತ್ತಾರೆ. ನಿಮ್ಮ ಎರೆಗೆ ಸುಣ್ಣ ಹಾಕಿದರೆ ಇರುವ ಕಬ್ಬಿಣ, ಸತುವೂ ಸಿಗದಂತಾಗುತ್ತದೆ. ಮಸಾರಿಗೂ ಮಣ್ಣು ಪರೀಕ್ಷೆಯಲ್ಲಿ ಹುಳಿ ಅಂತ ಬಂದರೆ ಮಾತ್ರ ಯೋಚಿಸಿ.

ಇನ್ನು ಕಾಕಾ ಹೇಳಿದ ‘ಸುಟ್ಟಿದೆ’. ಯೂರಿಯಾ ಮಣ್ಣಿಗೆ ಬಿದ್ದ ಮೇಲೆ ಅಮೋನಿಯಾ ಆಗುತ್ತದೆ. ಹಿಡಿಗಟ್ಟಲೆ ಬುಡಕ್ಕೇ ಸುರಿದರೆ ಎಳೆ ಬೇರಿನ ತುದಿ ಸಾಯುತ್ತದೆ. ಹೊಸದಾಗಿ ಹಚ್ಚಿದ ತುಂಡಿನ ಪಕ್ಕದಲ್ಲಂತೂ ಹಾಕಲೇಬಾರದು. ಆದರೆ ಇಡೀ ಹೊಲಕ್ಕೆ ಎರಚಿ ನೀರು ಬಿಟ್ಟ ಯೂರಿಯಾ ಮೂರು ವರ್ಷದ ಬುಡವನ್ನು ಸುಡುವುದಿಲ್ಲ. ನಿಮ್ಮಲ್ಲಿ ಬೇರು ಸುಟ್ಟಿಲ್ಲ, ಬೆಳೆದೇ ಇಲ್ಲ.

ಬೆಳೆಯದಿರಲು ಗೊಬ್ಬರದಷ್ಟೇ ದೊಡ್ಡ ಕಾರಣ ನಿಮ್ಮ ಕುಡುಗೋಲು. ಇದನ್ನು ಯಾರೂ ನಿಮಗೆ ಹೇಳಿಲ್ಲ ಅನ್ನಿಸುತ್ತದೆ. 1955ರಲ್ಲಿ ಅಮೆರಿಕದ ಕೃಷಿ ಇಲಾಖೆ ಎಫ್.ಜೆ. ಕ್ರೈಡರ್ ಅವರ ಪ್ರಯೋಗಗಳನ್ನು ಪ್ರಕಟಿಸಿತು. ಹುಲ್ಲಿನ ಎಲೆಯನ್ನು ಅರ್ಧದಷ್ಟು ಕತ್ತರಿಸಿದಾಗ ಬೇರಿನ ಬೆಳವಣಿಗೆಗೆ ದೊಡ್ಡ ತೊಂದರೆ ಆಗಲಿಲ್ಲ. ಶೇಕಡಾ 80 ಕತ್ತರಿಸಿದಾಗ ಬೇರು 12 ದಿನ ಪೂರ್ತಿ ನಿಂತುಹೋಯಿತು. 90 ಕತ್ತರಿಸಿದಾಗ 17 ದಿನ. ಅವರು ನೋಡಿದ್ದು ನೇಪಿಯರ್ ಅಲ್ಲ, ದಿನದ ಲೆಕ್ಕ ಹಾಗೇ ಹೊಂದಬೇಕಿಲ್ಲ. ಆದರೆ ತತ್ವ ಒಂದೇ. ನೆಲಕ್ಕೆ ಹತ್ತಿಸಿ ಕೊಯ್ದಾಗ ಸಕ್ಕರೆ ಮಾಡುವ ಎಲೆ ಒಂದೂ ಉಳಿಯುವುದಿಲ್ಲ. ಹೊಸ ಚಿಗುರು ಕೂಳೆಯಲ್ಲಿ, ಬೇರಿನಲ್ಲಿ ಕೂಡಿಟ್ಟ ಸಕ್ಕರೆ ತಿಂದು ಮೇಲೆ ಬರುತ್ತದೆ. ತೆಗೆದದ್ದನ್ನು ತುಂಬಿ ಹೊಸ ಬೇರು ಬಿಡಲು ಶುರು ಮಾಡುವ ಹೊತ್ತಿಗೆ ನಿಮ್ಮ ತಿಂಗಳು ಮುಗಿದಿರುತ್ತದೆ, ಮತ್ತೆ ಕೊಯ್ಲು. ಮೂರು ವರ್ಷ ಹೀಗೇ ನಡೆದಿದೆ. ಕೊಯ್ದ ದಿನವೇ ಹಾಕಿದ ಯೂರಿಯಾವನ್ನು ಎಳೆದುಕೊಳ್ಳುವ ಶಕ್ತಿಯೂ ಆ ಬೇರಿಗೆ ಆಗ ಇರುವುದಿಲ್ಲ. ಬಿಸಿ ನೆಲ, ಕ್ಷಾರದ ಮಣ್ಣು, ಮೇಲೆ ಬಿದ್ದ ಯೂರಿಯಾ. ನೀರು ಸ್ವಲ್ಪ ತಡವಾದರೂ ಗಾಳಿಗೆ ಹೋಗಲು ಇನ್ನೇನು ಬೇಕು?

ಬುಡ ಕೈಗೆ ಬರಲು ಇನ್ನೊಂದು ಸಾದಾ ಕಾರಣವೂ ಇದೆ. ನೇಪಿಯರ್ ಬುಡ ವರ್ಷದಿಂದ ವರ್ಷಕ್ಕೆ ಮೇಲೆ ಏಳುತ್ತದೆ. ಹೊಸ ಬೇರು ಹುಟ್ಟುವುದು ಕಾಂಡದ ಕೆಳಗಿನ ಗೆಣ್ಣುಗಳಿಂದ. ಆ ಗೆಣ್ಣು ಮಣ್ಣಿನ ಮೇಲಿದ್ದರೆ ಬೇರು ಹುಟ್ಟಿದರೂ ನೆಲ ಮುಟ್ಟುವ ಮುಂಚೆಯೇ ಒಣಗುತ್ತದೆ. ಹಳೇ ಬೇರಿಗೆ ಆಯುಷ್ಯ ಕಮ್ಮಿ, ಅದು ಸತ್ತ ಮೇಲೆ ಹಿಡಿದುಕೊಳ್ಳುವವರು ಯಾರು? ವರ್ಷಕ್ಕೊಮ್ಮೆಯಾದರೂ ಬುಡಕ್ಕೆ ಮಣ್ಣು ಏರಿಸಬೇಕು. ನೀವು ಏರಿಸಿದ ಬಗ್ಗೆ ಬರೆದಿಲ್ಲ, ಹಾಗಾಗಿ ಏರಿಸಿಲ್ಲ ಅಂತಲೇ ತಿಳಿದಿದ್ದೇನೆ.

ಟಾನಿಕ್ ವಿಷಯ ಬೇಗ ಮುಗಿಸುತ್ತೇನೆ. ಇಂಥ ಟಾನಿಕ್‌ನಲ್ಲಿ ಸಾಮಾನ್ಯವಾಗಿ ಇರುವ ಹ್ಯೂಮಿಕ್ ಆಸಿಡ್ ಬೇರಿನ ಕವಲು ಹೆಚ್ಚಿಸುವುದು ಪ್ರಯೋಗಗಳಲ್ಲಿ ಕಂಡಿದೆ, ಮೋಸ ಅಂತ ಹೇಳುವುದಿಲ್ಲ. ಆದರೆ ಆ ಬಾಟಲಿಯಲ್ಲಿ ರಂಜಕ ಇಲ್ಲ, ಪೊಟ್ಯಾಷ್ ಹೆಸರಿಗಷ್ಟೇ, ಕಿತ್ತ ಎಲೆಯನ್ನಂತೂ ಅದು ವಾಪಸ್ ತರುವುದಿಲ್ಲ. ಆ ದುಡ್ಡಿಗೆ ಒಂದು ಟ್ರಾಲಿ ತಿಪ್ಪೆ ಗೊಬ್ಬರ ಹೊರಿಸಿ. ಕಬ್ಬಿಗೆ ಹೋಗುವುದರಲ್ಲಿ ಸ್ವಲ್ಪ ಈ ಕಡೆಗೂ ಬರಲಿ.

ಏನಾದರೂ ಮಾಡುವ ಮೊದಲು ಎರಡೂ ಕಡೆ ಒಂದೊಂದು ಗುಂಡಿ ತೋಡಿ. ಬುಡದಿಂದ ಗೇಣು ದೂರದಲ್ಲಿ, ಒಂದೂವರೆ ಅಡಿ ಆಳ. ಬೇರಿನ ತುದಿ ಬೆಳ್ಳಗಿದ್ದರೆ ಜೀವ ಇದೆ. ಕಂದು ಬಣ್ಣ ಅಂದರೆ ವಯಸ್ಸಾಗಿದೆ ಅಷ್ಟೇ, ಹೆದರಬೇಡಿ. ಕಪ್ಪಾಗಿ, ಸಿಪ್ಪೆ ಸುಲಿದು, ಕೆಟ್ಟ ವಾಸನೆ ಬಂದರೆ ಅದು ನೀರು ನಿಂತು ಉಸಿರು ಕಟ್ಟಿದ ಬೇರು. ಎರೆಯಲ್ಲಿ ಇದು ಮಾಮೂಲು. ಅಲ್ಲಿ ಗೊಬ್ಬರ ಬದಲಿಸಿದರೆ ಏನೂ ಆಗುವುದಿಲ್ಲ, ಮೊದಲು ನೀರು ಬಸಿದು ಹೋಗಲು ಕಾಲುವೆ ತೆಗೆಯಬೇಕು. ಬೇರು ಕತ್ತರಿಸಿದ ಹಾಗೆ ಕಂಡು, ಬೆಳ್ಳಗೆ ಸುರುಳಿ ಸುತ್ತಿದ ಗೊಣ್ಣೆ ಹುಳು ಸಿಕ್ಕರೆ ಅಥವಾ ಗೆದ್ದಲು ಇದ್ದರೆ ನಾನು ಇಲ್ಲಿ ಬರೆದದ್ದು ಆಮೇಲಿನ ಮಾತು. ಹುಳು ತಗೊಂಡು ಮೊದಲು ಕೃಷಿ ಇಲಾಖೆಯವರ ಹತ್ತಿರ ಹೋಗಿ.

ಹುಳು ಇಲ್ಲ ಅಂದುಕೊಂಡು ಮುಂದೆ ಹೇಳುತ್ತೇನೆ. ನಾನಾಗಿದ್ದರೆ ಮಿರಗದ (ಮೃಗಶಿರಾ) ಮಳೆ ಬಿದ್ದ ಮೇಲೆ ಸಾಲಿನ ಎರಡೂ ಬದಿ, ಬುಡದಿಂದ ಒಂದು ಗೇಣು ಬಿಟ್ಟು, ನಾಲ್ಕರಿಂದ ಆರು ಇಂಚು ಆಳದ ಗೀರು ಎಳೆಸುತ್ತೇನೆ. ಅದಕ್ಕೆ ತಿಪ್ಪೆ ಗೊಬ್ಬರ, ಎಕರೆಗೆ ಮೂರು ಚೀಲ ಸೂಪರ್ ಫಾಸ್ಫೇಟ್ ಹಾಕಿ ಮಣ್ಣು ಎಳೆದು ಬುಡಕ್ಕೆ ಏರಿಸುತ್ತೇನೆ. ಹಿಂಗಾರಿನಲ್ಲಿ ಇನ್ನು ಮೂರು ಚೀಲ. ರಂಜಕವನ್ನು ಮೇಲೆ ಎರಚಬೇಡಿ. ಅದು ಮಣ್ಣಿನಲ್ಲಿ ಕೆಲವೇ ಮಿಲಿಮೀಟರ್ ಮಾತ್ರ ಸರಿಯುತ್ತದೆ. ಎರೆಯಲ್ಲಿ ಸುಣ್ಣ, ಮಸಾರಿಯಲ್ಲಿ ಕಬ್ಬಿಣ ಅದನ್ನು ಹಿಡಿದುಕೊಂಡುಬಿಡುತ್ತವೆ. ಎಲ್ಲಿ ಹಾಕುತ್ತೀರೋ ಅಲ್ಲೇ ಬೇರು ಕವಲೊಡೆಯುತ್ತದೆ. 1975ರಲ್ಲಿ ಇಂಗ್ಲೆಂಡಿನ ಎಂ.ಸಿ. ಡ್ರೂ ಅವರು ಬಾರ್ಲಿಯಲ್ಲಿ ಇದನ್ನು ಸ್ಪಷ್ಟವಾಗಿ ತೋರಿಸಿದರು. ಬೇರಿನ ಒಂದು ತುಣುಕಿಗೆ ಮಾತ್ರ ನೈಟ್ರೇಟ್ ಅಥವಾ ಫಾಸ್ಫೇಟ್ ಜಾಸ್ತಿ ಸಿಗುವಂತೆ ಮಾಡಿದಾಗ ಆ ತುಣುಕಿನಲ್ಲೇ ಕವಲು ಬೇರು ಒತ್ತೊತ್ತಾಗಿ ಬಂತು. ಪೊಟ್ಯಾಷ್‌ಗೆ ಹಾಗಾಗಲಿಲ್ಲ. ಹಾಗಾಗಿ ಪೊಟ್ಯಾಷ್ ಎರಚಿದರೂ ನಡೆಯುತ್ತದೆ, ರಂಜಕ ಮಾತ್ರ ಗೀರಿನಲ್ಲೇ ಬೀಳಬೇಕು.

ಡಿಎಪಿ ಯಾಕೆ ಬೇಡ ಅಂತ ಕೇಳಬಹುದು. ರಂಜಕದ ಲೆಕ್ಕದಲ್ಲಿ ಮೂರು ಚೀಲ ಸೂಪರ್, ಒಂದು ಚೀಲ ಡಿಎಪಿ ಹತ್ತಿರಹತ್ತಿರ ಒಂದೇ. ಆದರೆ ಸೂಪರ್‌ನಲ್ಲಿ ಗಂಧಕವೂ ಬರುತ್ತದೆ. ಮೂರು ವರ್ಷ ಬರೀ ಯೂರಿಯಾ ಉಂಡ ಹೊಲಕ್ಕೆ ಗಂಧಕ ಬೇಕೇ ಬೇಕು. ಸಾರಜನಕ ಎಷ್ಟೇ ಇದ್ದರೂ ಗಂಧಕ ಇಲ್ಲದೆ ಗಿಡ ಅದನ್ನು ಪ್ರೋಟೀನ್ ಮಾಡಿಕೊಳ್ಳಲಾರದು.

ಮಸಾರಿಯ ಅರ್ಧ ಎಕರೆಗೆ ಒಂದು ಚೀಲ ಮ್ಯೂರೇಟ್ ಆಫ್ ಪೊಟ್ಯಾಷ್, ಎರಡು ಕಂತಿನಲ್ಲಿ. ಇದಕ್ಕಿಂತ ಅಗ್ಗದ ಪೊಟ್ಯಾಷ್ ನಿಮ್ಮ ಕೊಟ್ಟಿಗೆಯಲ್ಲೇ ಇದೆ. ದನ ತಿಂದ ಪೊಟ್ಯಾಷ್‌ನಲ್ಲಿ ಬಹುಪಾಲು ಗಂಜಲದಲ್ಲಿ ಹೊರಗೆ ಬರುತ್ತದೆ. ಕೊಟ್ಟಿಗೆ ತೊಳೆದ ನೀರನ್ನು ಚರಂಡಿಗೆ ಬಿಡದೆ ಮಸಾರಿ ಕಡೆ ತಿರುಗಿಸಿ. ಎರೆ ಕಡೆಗೆ ಎಕರೆಗೆ 10 ಕೆಜಿ ಲೆಕ್ಕದಲ್ಲಿ ಸತುವಿನ ಸಲ್ಫೇಟ್, ಮಣ್ಣಿಗೆ. ಇದನ್ನು ಸೂಪರ್ ಜೊತೆ ಬೆರೆಸಬೇಡಿ, ಬೇರೆ ದಿನ ತಿಪ್ಪೆ ಗೊಬ್ಬರದಲ್ಲಿ ಕಲಸಿ ಹಾಕಿ. ಕಬ್ಬಿಣಕ್ಕೆ ಮಣ್ಣಿಗೆ ಹಾಕಿ ಪ್ರಯೋಜನ ಕಮ್ಮಿ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಕಬ್ಬಿಣದ ಸಲ್ಫೇಟ್), ಚೂರು ನಿಂಬೆಹುಳಿ ಸೇರಿಸಿ ಎಲೆಗೆ ಸಿಂಪಡಿಸಿ.

ಯೂರಿಯಾ ಕೊಯ್ಲಿಗೆ ಒಂದೇ ಚೀಲ. ಕೊಯ್ದ ದಿನ ಬೇಡ, ಐದಾರು ದಿನ ಬಿಟ್ಟು ಚಿಗುರು ಕಂಡ ಮೇಲೆ ಹಾಕಿ ಕೂಡಲೇ ನೀರು ಬಿಡಿ. ಕೊಯ್ಲು 40ರಿಂದ 45 ದಿನಕ್ಕೊಮ್ಮೆ. ನೆಲದಿಂದ ನಾಲ್ಕೈದು ಇಂಚು ಕೂಳೆ ಉಳಿಯಲಿ. ನೀರು ಎರೆಗೆ ನಿಧಾನವಾಗಿ ಎಂಟು ಹತ್ತು ದಿನದ ಅಂತರಕ್ಕೆ ತನ್ನಿ, ಆದರೆ ಬಿಟ್ಟಾಗ ತುಂಬಾ ಬಿಡಿ. ಮೇಲ್ಮಣ್ಣು ಯಾವಾಗಲೂ ಹಸಿ ಇದ್ದರೆ ಬೇರಿಗೆ ಕೆಳಗೆ ಹೋಗುವ ದರ್ದೇ ಇಲ್ಲ ಅಲ್ವಾ? ಇದನ್ನು ಈ ಬೇಸಿಗೆಯಲ್ಲೇ ಶುರು ಮಾಡಬೇಡಿ, ಗೇಣುದ್ದ ಬೇರಿನ ಹುಲ್ಲು ಸತ್ತೇ ಹೋದೀತು.

ಇದರಲ್ಲಿ ತೊಂದರೆಗಳೂ ಇವೆ. ಯೂರಿಯಾ ಅರ್ಧ ಮಾಡಿದ ಮೇಲೆ ಮೊದಲ ಒಂದೆರಡು ಕೊಯ್ಲಿನಲ್ಲಿ ಬಣ್ಣ ತಿಳಿಯಾಗುತ್ತದೆ, ತೂಕವೂ ಸ್ವಲ್ಪ ಇಳಿಯಬಹುದು. ಕೊಯ್ಲಿನ ಅಂತರ ಹೆಚ್ಚಿಸಿದರೆ ನಡುವೆ ಮೇವಿಗೆ ಕಷ್ಟ. ಜೋಳದ ಕಣಕಿ, ತೊಗರಿ ಹೊಟ್ಟು ಮನೆಯಲ್ಲಿ ಇದೆಯಾ ನೋಡಿಕೊಂಡು ಶುರು ಮಾಡಿ. ಇಲ್ಲದಿದ್ದರೆ ಈ ವರ್ಷ ಮಸಾರಿ ಅರ್ಧ ಮಾತ್ರ ಸರಿ ಮಾಡಿ, ಎರೆ ಅರ್ಧ ಮುಂದಿನ ವರ್ಷಕ್ಕಿರಲಿ. ಮಸಾರಿಯಲ್ಲಿ ಮೂರರಲ್ಲಿ ಒಂದು ಬುಡಕ್ಕಿಂತ ಜಾಸ್ತಿ ಈಗಾಗಲೇ ಕಿತ್ತು ಬಂದಿದ್ದರೆ ರಿಪೇರಿಗಿಂತ ಅಲ್ಲಿ ಹೊಸದಾಗಿ ಹಚ್ಚುವುದೇ ಮೇಲು. ಆಗ ಎರೆ ಕಡೆಯ ಗಟ್ಟಿ ಬುಡ ಒಡೆದು ಬೇರು ಸಹಿತ ಸಸಿ ತಗೊಳ್ಳಿ, ದುಡ್ಡು ಕೊಟ್ಟು ತುಂಡು ತರಬೇಡಿ. ಹೊಸ ಸಸಿಗೆ ರಂಜಕ ಗುಂಡಿಯಲ್ಲೇ ಬೀಳಬೇಕು. ಮೊದಲ ಕೊಯ್ಲಿಗೆ ಎರಡು, ಎರಡೂವರೆ ತಿಂಗಳು ಕಾಯಬೇಕು. ಎಮ್ಮೆ ಕೂಗುತ್ತದೆ, ಆದರೂ ಕಾಯಬೇಕು.

ನೀವು ಕೇಳದಿದ್ದರೂ ಜಾನುವಾರಿನ ಮಾತು ಹೇಳಲೇಬೇಕು. ಈಗ ಹಾಕುತ್ತಿರುವಷ್ಟು ಯೂರಿಯಾದಲ್ಲಿ, ಬಾಡಿದ ಹುಲ್ಲಿಗೆ ನೀರೋ ಮಳೆಯೋ ಬಿದ್ದ ಮರುವಾರ ಕೊಯ್ದರೆ ಮೇವಿನಲ್ಲಿ ನೈಟ್ರೇಟ್ ತುಂಬಿರುತ್ತದೆ, ಕಾಂಡದ ಕೆಳಭಾಗದಲ್ಲಂತೂ ಇನ್ನೂ ಜಾಸ್ತಿ. ತಿಂದ ದನ ಏದುಸಿರು ಬಿಟ್ಟು, ನಡುಗಿ, ವಸಡು ನೀಲಿಯಾದರೆ ತಡಮಾಡದೆ ಪಶುವೈದ್ಯರನ್ನು ಕರೆಸಿ. ಎಳೇ ನೇಪಿಯರ್‌ನಲ್ಲಿ ಆಕ್ಸಲೇಟ್ ಕೂಡ ಜಾಸ್ತಿ. ಅದು ಸುಣ್ಣದ ಅಂಶವನ್ನು ಹಿಡಿದುಕೊಳ್ಳುತ್ತದೆ, ಹಾಲು ಕೊಡುವ ಎಮ್ಮೆಗೆ ಒಳ್ಳೆಯದಲ್ಲ. 45 ದಿನದ ಹುಲ್ಲು, ಜೊತೆಗೆ ಕಣಕಿ, ದಿನಾ ಖನಿಜ ಮಿಶ್ರಣ ಇದ್ದರೆ ಎರಡೂ ಭಯ ಕಮ್ಮಿ.

ಗೊಬ್ಬರ ಹಾಕುವ ಮುಂಚೆ ಬೀದರ್ ಕೃಷಿ ವಿಜ್ಞಾನ ಕೇಂದ್ರಕ್ಕೆ ಮಣ್ಣು ಕೊಡಿ. ನಾನು ಹೇಳಿದ ಪ್ರಮಾಣ ಅಂದಾಜಿನದು, ವರದಿ ಬಂದ ಮೇಲೆ ಅದರಂತೆ ತಿದ್ದಿಕೊಳ್ಳಿ. ಸಾವಯವ ಇಂಗಾಲ, ರಂಜಕ, ಪೊಟ್ಯಾಷ್ ಜೊತೆಗೆ ಗಂಧಕ, ಸತು, ಕಬ್ಬಿಣವನ್ನೂ ನೋಡಿ ಅಂತ ಬಾಯಿಬಿಟ್ಟು ಹೇಳಿ. ಎರೆಯದು ಒಂದು ಚೀಲ, ಮಸಾರಿಯದು ಇನ್ನೊಂದು ಚೀಲ, ಹೆಸರು ಬರೆದು ಕೊಡಿ. ಎರಡನ್ನೂ ಬೆರೆಸಿ ಕೊಟ್ಟರೆ ಬರುವ ಅಂಕಿ ಯಾವ ಅರ್ಧಕ್ಕೂ ಹೊಂದುವುದಿಲ್ಲ.